ಮುಚ್ಚಿದ ಬಾವಿ, ಕಲಕಿದ ನೀರು: ಕೊಪ್ಪಳ ಸೀಮೆಯಿಂದ ನಮ್ಮ ಪರಿಸರ ದೇವಶಾಸ್ತ್ರದ ಒಂದು ವಿಮರ್ಶೆ

ಪೀಠಿಕೆ

ಧರ್ಮ, ಆಧ್ಯಾತ್ಮಿಕತೆ ಮತ್ತು ಪರಿಸರ ಎಂಬ ವಿಷಯವು ನಮ್ಮ ದೇವಶಾಸ್ತ್ರೀಯ ಶಿಕ್ಷಣದೊಳಗೆ ಬಂದು ದಶಕಗಳೇ ಕಳೆದಿವೆ. ಆದರೆ ಅದನ್ನು ಕಲಿಸುವ ಹಾಗೂ ಬರೆಯುವ ಕ್ರಮವು ಒಂದೇ ಸವೆದ ಹಾದಿಯಲ್ಲಿ ನಡೆಯುತ್ತಿದೆ. 1967ರಲ್ಲಿ ಮಧ್ಯಯುಗದ ಇತಿಹಾಸಕಾರ ಲಿನ್ ವೈಟ್ ಅವರು 'ಸೈನ್ಸ್' ಪತ್ರಿಕೆಯಲ್ಲಿ ಮಾಡಿದ ಆರೋಪದಿಂದ ಚರ್ಚೆ ಆರಂಭವಾಗುತ್ತದೆ: ಪಾಶ್ಚಾತ್ಯ ಕ್ರೈಸ್ತಧರ್ಮವು ಮನುಷ್ಯನನ್ನು ಸೃಷ್ಟಿಯ ಒಡೆಯನನ್ನಾಗಿ ಕೂರಿಸಿ, ನಿಸರ್ಗದ ಶೋಷಣೆಗೆ ಮನಸ್ಸನ್ನು ಸಿದ್ಧಗೊಳಿಸಿತು ಎಂಬುದು ಅವರ ವಾದ. ಆಮೇಲೆ ಆದಿಕಾಂಡದ ಮೊದಲನೆಯ ಅಧ್ಯಾಯಕ್ಕೆ ಎರಡನೆಯ ಅಧ್ಯಾಯದಿಂದ ಸಮಾಧಾನ ಹೇಳುತ್ತೇವೆ. ದೊರೆತನವೆಂದರೆ ದಬ್ಬಾಳಿಕೆಯಲ್ಲ, ಮನೆವಾರ್ತೆಯ ಹೊಣೆ ಎಂದು ವಿವರಿಸುತ್ತೇವೆ. ಅಸ್ಸಿಸಿಯ ಫ್ರಾನ್ಸಿಸನನ್ನು ನೆನೆಯುತ್ತೇವೆ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ನರಳುವ ಸೃಷ್ಟಿಯ ಕಡೆಗೆ ತಿರುಗುತ್ತೇವೆ. ಕೊನೆಗೆ ಚರ್ಚಿನ ಅಂಗಳದಲ್ಲಿ ಒಂದು ಸಸಿ ನೆಟ್ಟು ಮುಗಿಸುತ್ತೇವೆ.

ಈ ಹಾದಿ ತಪ್ಪು ಎಂದು ಈ ಲೇಖನ ವಾದಿಸುವುದಿಲ್ಲ. ಅದು ಮೋಟಾಗಿದೆ ಎಂಬುದೇ ಇಲ್ಲಿಯ ವಾದ. ವೈಟ್ ಅವರ ಆರೋಪವು ವಿಚಾರಗಳ ಕುರಿತಾದದ್ದು. ನಮ್ಮ ಉತ್ತರವೂ ವಿಚಾರಗಳ ಮಟ್ಟದಲ್ಲಿಯೇ ನಿಂತಿದೆ. ಧರ್ಮವೊಂದು ನಿಸರ್ಗವನ್ನು ಏನೆಂದು ಭಾವಿಸುತ್ತದೆ ಎಂದು ಕೇಳಿದ್ದೇವೆ. ಯಾರ ನೀರನ್ನು ಯಾರು ಕುಡಿಯುತ್ತಾರೆ, ಯಾರ ಹೊಲದ ಮೇಲೆ ಯಾರ ಹೊಗೆ ಇಳಿಯುತ್ತದೆ ಎಂದು ಕೇಳಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಎದುರಿಸದ ಪರಿಸರ ದೇವಶಾಸ್ತ್ರವು ಸುಂದರವಾದ ಭಕ್ತಿಸಾಹಿತ್ಯವಾದೀತೇ ಹೊರತು ದೇವಶಾಸ್ತ್ರವಾಗದು. ಈ ಮಾತನ್ನು ಪರೀಕ್ಷಿಸಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗಿಂತ ಸೂಕ್ತವಾದ ನೆಲ ಕರ್ನಾಟಕದಲ್ಲಿ ವಿರಳ.

1. ಒಂದು ಜಿಲ್ಲೆ, ಮೂರು ಭೂಮಿಗಳು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಕೊಪ್ಪಳ ಜಿಲ್ಲೆಯಲ್ಲಿ ಮೊದಲಿಗೆ ಇದ್ದವು ಈ ನಾಲ್ಕೇ ತಾಲ್ಲೂಕುಗಳು. ಕಾರಟಗಿ, ಕನಕಗಿರಿ, ಕುಕನೂರುಗಳು ಆಮೇಲೆ ಇವುಗಳಿಂದಲೇ ಕವಲೊಡೆದವು. ಆಡಳಿತದ ನಕ್ಷೆಯಲ್ಲಿ ಇದು ಒಂದು ಜಿಲ್ಲೆ. ನೀರಿನ ದೃಷ್ಟಿಯಿಂದ ನೋಡಿದರೆ ಮೂರು ಬೇರೆ ಬೇರೆ ಲೋಕಗಳು.

ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುತ್ತದೆ. 1953ರಲ್ಲಿ ನೀರು ತುಂಬಿಕೊಂಡ ಅಣೆಕಟ್ಟೆಯಿಂದ, ಮುನಿರಾಬಾದಿನಲ್ಲಿ ಹೊರಟ ಈ ಕಾಲುವೆ ಒಣಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರ 'ಕ್ಯಾಂಪು'ಗಳು, ಅಕ್ಕಿ ಗಿರಣಿಗಳು, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಗಳ ಸಾಲು ಇವೆಲ್ಲ ಆ ನೀರಿನ ಹಿಂದೆ ಬಂದವು. ಕೊಪ್ಪಳದ ಪೂರ್ವಕ್ಕೆ, ಗಿಣಗೇರಿಯ ಸುತ್ತ, ಕಬ್ಬಿಣದ ಅದಿರನ್ನು ನಂಬಿದ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳು ಎದ್ದಿವೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯೇ ಆಧಾರ: ಜೋಳ, ಸಜ್ಜೆ, ಕಡಲೆ, ಬೋರ್‌ವೆಲ್ ನಂಬಿದ ದಾಳಿಂಬೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದೊಂದೇ ದಾರಿ. ಬೆಂಗಳೂರು, ಗೋವಾ, ಮಂಗಳೂರುಗಳ ಕಟ್ಟಡದ ಕೆಲಸಗಳಲ್ಲಿ ಈ ಸೀಮೆಯ ಕುಟುಂಬಗಳು ಬೆವರು ಸುರಿಸುತ್ತವೆ. ಕರಾವಳಿಯ ನಮ್ಮ ಸಭೆಗಳ ಓದುಗರು ಕೊಪ್ಪಳವನ್ನು ದೂರದ ಊರೆಂದು ಭಾವಿಸಬೇಕಾಗಿಲ್ಲ. ಅವರ ಊರಿನ ಗೋಡೆಗಳನ್ನು ಕಟ್ಟಿದವರಲ್ಲಿ ಆ ಸೀಮೆಯವರೂ ಇದ್ದಾರೆ.

ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯವು ಎರಡು ಬಗೆಯ ಭೂಮಿಗಳನ್ನು ಹೋಲಿಸುತ್ತದೆ. ಒಂದು ಐಗುಪ್ತ, ಅಲ್ಲಿ ಬಿತ್ತಿದವನು ಕಾಯಿಪಲ್ಯದ ತೋಟಕ್ಕೆ ಹಾಯಿಸುವಂತೆ ನೀರನ್ನು ತಾನೇ ಹಾಯಿಸುತ್ತಿದ್ದನು. ಇನ್ನೊಂದು ಗುಡ್ಡ ಕಣಿವೆಗಳ ನಾಡು. ಅದು ಆಕಾಶದ ಮಳೆಯನ್ನು ಕುಡಿಯುತ್ತದೆ, ಅದರ ಮೇಲೆ ಕರ್ತನ ದೃಷ್ಟಿ ವರ್ಷದ ಆದಿಯಿಂದ ಅಂತ್ಯದವರೆಗೂ ಇರುತ್ತದೆ. ಅಭಿವೃದ್ಧಿಯ ಭಾಷೆಯಲ್ಲಿ ಗಂಗಾವತಿ ಮುಂದುವರಿದದ್ದು, ಯಲಬುರ್ಗಾ ಹಿಂದುಳಿದದ್ದು. ಈ ವಾಕ್ಯಭಾಗವು ಆ ಅಳತೆಗೋಲನ್ನು ಪ್ರಶ್ನಿಸುತ್ತದೆ. ಆದರೆ ಇದರಿಂದ ಬರಗಾಲವನ್ನು ವೈಭವೀಕರಿಸುವ ಅಪಾಯವೂ ಇದೆ. ಹಸಿದು ಗುಳೆ ಹೊರಟವನಿಗೆ, ನಿನ್ನ ಒಣಭೂಮಿ ದೇವರ ಭರವಸೆಯ ಶಾಲೆ ಎಂದು ಬೋಧಿಸುವುದು ಕ್ರೂರತನ. ವಾಕ್ಯಭಾಗದ ಒತ್ತು ಬಡತನದ ಮೇಲಿಲ್ಲ. ನೀರನ್ನು ಹಿಡಿದವನು ಜನರನ್ನೂ ಹಿಡಿಯುತ್ತಾನೆ ಎಂಬ ಐಗುಪ್ತದ ಅನುಭವದ ಮೇಲೆ ಅದರ ಒತ್ತು ಇದೆ.

2. ಹಿರೇಹಳ್ಳ ಮತ್ತು ಇಸಾಕನ ಬಾವಿಗಳು

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳದ ಪುನಶ್ಚೇತನಕ್ಕೆ ಕರೆಕೊಟ್ಟರು. ತುಂಗಭದ್ರೆಯನ್ನು ಸೇರುವ ಈ ಹಳ್ಳವು ಜಾಲಿ, ಆಪು, ಹೂಳು, ಕಸಗಳಿಂದ ಮುಚ್ಚಿಹೋಗಿತ್ತು. ಸ್ವಾಮೀಜಿ ತಾವೇ ಹಳ್ಳಕ್ಕಿಳಿದರು. ಹಳ್ಳಿಗಳ ಜನ, ವಿದ್ಯಾರ್ಥಿಗಳು, ಅಧಿಕಾರಿಗಳು, ದಾನಿಗಳು ಜೊತೆಗೂಡಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಪಾತ್ರ ತೆರೆದುಕೊಂಡಿತು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೆತ್ತುವ ಕೆಲಸಕ್ಕೂ ಇದೇ ಬಗೆಯ ಜನಬೆಂಬಲ ದೊರೆಯಿತು.

ಕ್ರೈಸ್ತ ದೇವಶಾಸ್ತ್ರದ ವಿದ್ಯಾರ್ಥಿ ಇದನ್ನು ಹೇಗೆ ಓದಬೇಕು? ಮೊದಲನೆಯದಾಗಿ, ಕೃತಜ್ಞತೆಯಿಂದ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನು ತನ್ನ ತಂದೆಯ ಕಾಲದ ಬಾವಿಗಳನ್ನು ತಿರಿಗಿ ತೋಡಿಸುತ್ತಾನೆ. ಫಿಲಿಷ್ಟಿಯರು ಅವುಗಳಿಗೆ ಮಣ್ಣು ಹಾಕಿ ಮುಚ್ಚಿದ್ದರು. ಅವನು ಹೊಸ ಹೆಸರುಗಳನ್ನಿಡದೆ ತಂದೆಯಿಟ್ಟ ಹೆಸರುಗಳಿಂದಲೇ ಅವುಗಳನ್ನು ಕರೆದನು. ಪಿತೃಗಳ ಕಥೆಗಳಲ್ಲಿ ಇಸಾಕನಿಗೆ ದೊರೆತ ಸ್ಥಾನ ಚಿಕ್ಕದು. ಅವನು ಹೊಸ ನಾಡನ್ನು ಹುಡುಕಿ ಹೊರಡಲಿಲ್ಲ, ದೇವದೂತನೊಂದಿಗೆ ಹೋರಾಡಲಿಲ್ಲ. ಮುಚ್ಚಿದ್ದನ್ನು ತೆರೆದದ್ದೇ ಅವನ ದೊಡ್ಡ ಕೆಲಸ. ಪರಿಸರ ದೇವಶಾಸ್ತ್ರವು ಅಬ್ರಹಾಮನ ಯಾತ್ರೆಯನ್ನು ಬಿಟ್ಟು ಇಸಾಕನ ಗುದ್ದಲಿಯ ಕಡೆಗೆ ನೋಡಬೇಕಾದ ಕಾಲ ಇದು. ಗವಿಮಠದ ಕೆಲಸವನ್ನು ಈ ಸಾಲಿನಲ್ಲಿ ನಿಲ್ಲಿಸುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ. ದೇವರ ಸೃಷ್ಟಿಯ ಆರೈಕೆಯು ನಮ್ಮ ಸಭೆಯ ಗೋಡೆಯೊಳಗೇ ನಡೆಯಬೇಕೆಂಬ ಕಟ್ಟಳೆ ಇಲ್ಲ.

ಎರಡನೆಯದಾಗಿ, ಇದು ಧರ್ಮಕ್ಕೂ ಆಧ್ಯಾತ್ಮಿಕತೆಗೂ ಇರುವ ಭೇದವನ್ನು ತಿಳಿಸುತ್ತದೆ. ಸಂಸ್ಥೆಯನ್ನು ಬಿಟ್ಟ, ಒಳಗಿನ ಶಾಂತಿಯನ್ನರಸುವ ಆಧ್ಯಾತ್ಮಿಕತೆಯೇ ನಿಸರ್ಗಕ್ಕೆ ಹತ್ತಿರ, ಸಂಘಟಿತ ಧರ್ಮವು ದೂರ ಎಂಬ ಮಾತನ್ನು ಇಂದು ಎಲ್ಲೆಡೆ ಕೇಳುತ್ತೇವೆ. ಹಿರೇಹಳ್ಳವು ಇದನ್ನು ಒಪ್ಪುವುದಿಲ್ಲ. ಹಳ್ಳವನ್ನು ತೆರೆದದ್ದು ಖಾಸಗಿ ಧ್ಯಾನವಲ್ಲ. ಜಾತ್ರೆಗೆ ಲಕ್ಷಾಂತರ ಜನರನ್ನು ಸೇರಿಸಿ ಉಣಬಡಿಸುವ ಅಭ್ಯಾಸವುಳ್ಳ, ಕಾಯಕ ಮತ್ತು ದಾಸೋಹದ ಪರಂಪರೆಯುಳ್ಳ ಒಂದು ಮಠದ ಸಾಮರ್ಥ್ಯ ಅದನ್ನು ತೆರೆಯಿತು. ಕೂಡಿಬರುವ ರೂಢಿ, ಮಾತಿಗೆ ಓಗೊಡುವ ಜನ, ಕೊಡುವ ಕೈ, ತಲೆಮಾರುಗಳ ನೆನಪು ಇವೆಲ್ಲ ಧರ್ಮದ ಆಸ್ತಿ. ಒಬ್ಬೊಬ್ಬರ ಮನಃಶಾಂತಿಯಾಗಿ ಕರಗಿಹೋದ ಆಧ್ಯಾತ್ಮಿಕತೆಗೆ ಹೂಳೆತ್ತುವ ಶಕ್ತಿ ಇರುವುದಿಲ್ಲ.

ಮೂರನೆಯದಾಗಿ, ಇಸಾಕನ ಕಥೆ ಬಾವಿ ತೆರೆದಲ್ಲಿಗೆ ಮುಗಿಯುವುದಿಲ್ಲ. ನೀರು ಬಂದ ಕೂಡಲೇ ಗೆರಾರಿನ ಕುರುಬರು ಜಗಳಕ್ಕೆ ಬಂದರು. ಒಂದು ಬಾವಿಗೆ ಏಸೆಕ್ ಎಂದೂ ಇನ್ನೊಂದಕ್ಕೆ ಸಿಟ್ನಾ ಎಂದೂ ಹೆಸರಾಯಿತು. ಜಗಳ, ವಿರೋಧ ಎಂಬ ಅರ್ಥದ ಹೆಸರುಗಳು ಅವು. ರೆಹೋಬೋತ್, ಅಂದರೆ ವಿಶಾಲವಾದ ಸ್ಥಳ, ಅದಾದ ಮೇಲೆ ಬಂದದ್ದು. ನೀರನ್ನು ತೆರೆಯುವುದು ಪುಣ್ಯಕಾರ್ಯವಾಗಿ ಎಲ್ಲರ ಮೆಚ್ಚುಗೆ ಪಡೆಯುತ್ತದೆ. ಅದು ಯಾರದು ಎಂಬ ಪ್ರಶ್ನೆ ಎದ್ದಾಗ ಮೆಚ್ಚುಗೆ ಹಿಂದೆ ಸರಿಯುತ್ತದೆ. ನಮ್ಮ ವಿಮರ್ಶೆ ಇಲ್ಲಿಂದ ಮುಂದೆ ಹೋಗಬೇಕು.

3. ಕಾಲುವೆಯ ಮೇಲ್ಭಾಗ ಮತ್ತು ಕೊನೆಯ ಭಾಗ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದವರ ಉದ್ದೇಶ ಬರದಿಂದ ರಕ್ಷಣೆ. ತೆಳುವಾಗಿ, ಅಗಲವಾಗಿ ನೀರನ್ನು ಹಂಚಿ, ಹೆಚ್ಚಿನ ಭಾಗದಲ್ಲಿ ಜೋಳ, ಶೇಂಗಾ, ಹತ್ತಿಯಂತಹ ಅರೆನೀರಾವರಿ ಬೆಳೆಗಳನ್ನು ಬೆಳೆಯಬೇಕೆಂಬ ಬೆಳೆಪದ್ಧತಿಯನ್ನು ಗೊತ್ತುಪಡಿಸಲಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಭತ್ತ ಕುಡಿದ ನೀರು ರಾಯಚೂರು ಜಿಲ್ಲೆಯ ಕೊನೆಯ ಭಾಗದ ಹೊಲಗಳಿಗೆ ತಲುಪದಾಯಿತು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಅವರು ಈ ಕಾಲುವೆಯನ್ನೇ ಕುರಿತು ವಿಸ್ತಾರವಾಗಿ ಅಧ್ಯಯನ ಮಾಡಿ, ನೀರಿನ ಹಂಚಿಕೆಯು ತೂಬಿನ ತಂತ್ರಜ್ಞಾನದಷ್ಟೇ ಊರಿನ ಅಧಿಕಾರ ಸಂಬಂಧಗಳಿಂದಲೂ ನಿರ್ಧಾರವಾಗುತ್ತದೆ ಎಂದು ತೋರಿಸಿದರು. ಇದಕ್ಕೆ ಹೂಳಿನ ಸಮಸ್ಯೆಯೂ ಸೇರಿತು: 133 ಟಿಎಂಸಿ ಅಡಿ ನೀರು ಹಿಡಿಯಬೇಕಾಗಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಸಂಗ್ರಹವಾದ ನೀರು ಕಣ್ಣೆದುರೇ ಹರಿದುಹೋಗುವುದನ್ನು ಇಡೀ ಸೀಮೆ ಭಯದಿಂದ ನೋಡಿತು. ಎಷ್ಟು ಜನರ ಜೀವನ ಒಂದು ಸರಪಳಿಗೆ ಜೋತುಬಿದ್ದಿದೆ ಎಂಬುದು ಅಂದು ಬಯಲಾಯಿತು.

ಯೆಹೆಜ್ಕೇಲನ ಪ್ರವಾದನೆಯ 34ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಕುರುಬರ ಮೇಲಿನ ತೀರ್ಪೆಂದು, ಸಭಾಪಾಲಕರ ದೀಕ್ಷೆಯ ದಿನ ಬೋಧಿಸುತ್ತೇವೆ. ಆದರೆ ಅದೇ ಅಧ್ಯಾಯದಲ್ಲಿ ತೀರ್ಪು ಕುರುಬರಿಂದ ಕುರಿಗಳ ಕಡೆಗೂ ತಿರುಗುತ್ತದೆ. ಕೊಬ್ಬಿದ ಕುರಿಗಳು ಒಳ್ಳೆಯ ಮೇವನ್ನು ಮೇದು ಉಳಿದದ್ದನ್ನು ತುಳಿಯುತ್ತವೆ, ತಿಳಿನೀರನ್ನು ಕುಡಿದು ಮಿಕ್ಕದ್ದನ್ನು ಕಾಲಿನಿಂದ ಕಲಕುತ್ತವೆ. ಬಡಕಲು ಕುರಿಗಳ ಪಾಲಿಗೆ ಕಲಕಿದ ನೀರು ಉಳಿಯುತ್ತದೆ. ಒಂದೇ ಕಾಲುವೆಯ ಮೇಲ್ಭಾಗ ಮತ್ತು ಕೊನೆಯ ಭಾಗಗಳನ್ನು ಇದಕ್ಕಿಂತ ನಿಖರವಾಗಿ ವರ್ಣಿಸಿದ ವಾಕ್ಯಭಾಗ ಸತ್ಯವೇದದಲ್ಲಿ ಇನ್ನೊಂದಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಕುಡಿಯುವುದು ಪಾಪವಲ್ಲ; ಕುಡಿದ ಮೇಲೆ ಕಲಕುವುದು ಪಾಪ. ಭತ್ತ ಬೆಳೆದ ರೈತನನ್ನು ಖಳನನ್ನಾಗಿ ನಿಲ್ಲಿಸುವ ಅಗತ್ಯ ಈ ಓದಿಗೆ ಇಲ್ಲ. ಸಾಲ, ಮಾರುಕಟ್ಟೆ, ಗಿರಣಿಗಳು ಅವನನ್ನೂ ಭತ್ತಕ್ಕೆ ಕಟ್ಟಿಹಾಕಿವೆ. ಆದರೆ ಅತಿಯಾದ ನೀರಿನಿಂದ ಸವುಳಾದ ಭೂಮಿ, ಗದ್ದೆಯಿಂದ ಬಸಿದು ಹಳ್ಳ ಸೇರುವ ವಿಷ, ಕೆಳಗಿನವನಿಗೆ ತಲುಪದ ಪಾಲು, ಇವುಗಳನ್ನು ಪಾಪವೆಂದು ಹೆಸರಿಸದ ಪಾಪೋಪದೇಶವು ಗಂಗಾವತಿಯ ಬೋಧನಾಪೀಠದಲ್ಲಿ ಪೂರ್ಣವಾಗದು.

ನಮ್ಮ ಮನೆವಾರ್ತೆಯ ಮಾದರಿಯ ಕೊರತೆ ಇಲ್ಲಿ ಸ್ಪಷ್ಟವಾಗುತ್ತದೆ. ಒಬ್ಬ ಮನುಷ್ಯ, ಒಂದು ತೋಟ, ಒಬ್ಬ ಒಡೆಯ ಎಂಬ ಚಿತ್ರವನ್ನು ಅದು ಕಟ್ಟುತ್ತದೆ. 'ಮನುಷ್ಯ'ನೆಂಬವನು ಒಬ್ಬನೇ ಎಂದು ಅದು ಭಾವಿಸುತ್ತದೆ. ಕಾಲುವೆಯ ಮೇಲೆ ಅಂತಹ ಮನುಷ್ಯನಿಲ್ಲ. ಮೇಲ್ಭಾಗದವನು, ಕೊನೆಯವನು, ಭೂಮಿಯೇ ಇಲ್ಲದ ಕೂಲಿಯವಳು ಇದ್ದಾರೆ. ಯಾರಿಗೆ ಒಪ್ಪಿಸಿದ ಮನೆ, ಯಾರು ಮನೆವಾರ್ತೆಯವರು ಎಂಬುದನ್ನು ಹೇಳದ ಉಪದೇಶವು ಈಗಾಗಲೇ ಹೊಲವಿರುವವನಿಗೆ ದೇವರ ಮುದ್ರೆ ಒತ್ತಿಕೊಡುತ್ತದೆ.

4. ಹೊಗೆಗೊಳವೆ ಮತ್ತು ನಾಬೋತನ ತೋಟ

2025ರ ಆರಂಭದಲ್ಲಿ ಬಲ್ಡೋಟ ಸಮೂಹದ ಬಿಎಸ್‌ಪಿಎಲ್ ಉಕ್ಕಿನ ಕಾರ್ಖಾನೆಯ ಸುಮಾರು 54 ಸಾವಿರ ಕೋಟಿ ರೂಪಾಯಿಗಳ ಯೋಜನೆ ಪ್ರಕಟವಾದಾಗ, ಕೊಪ್ಪಳ ನಗರದ ಮಗ್ಗುಲಲ್ಲೇ ಇನ್ನೊಂದು ದೊಡ್ಡ ಸ್ಥಾವರ ಬೇಡವೆಂಬ ಕೂಗು ಎದ್ದಿತು. ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಸ್ವಾಮೀಜಿ ಜನರೊಂದಿಗೆ ಬೀದಿಯಲ್ಲಿ ನಡೆದರು. ಪಕ್ಷಭೇದವಿಲ್ಲದೆ ಜನಪ್ರತಿನಿಧಿಗಳು ಯೋಜನೆ ನಿಲ್ಲಿಸುವ ಆದೇಶ ತರಬೇಕೆಂದು ಒತ್ತಾಯಿಸಿದರು. ಮಾರ್ಚ್ ಆರಂಭದಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಸೂಚಿಸಿದರು.

ಹಳ್ಳವನ್ನು ಶುಚಿಗೊಳಿಸಿದ ಧರ್ಮವೇ ಆರು ವರ್ಷಗಳ ಬಳಿಕ ಬಂಡವಾಳವನ್ನು ಎದುರಿಸಿ ನಿಲ್ಲಬೇಕಾಯಿತು ಎಂಬುದು ಗಮನಾರ್ಹ. ಪರಿಸರ ಕಾಳಜಿಯು ಸೇವೆಯಾಗಿ ಆರಂಭವಾದರೂ ಅಲ್ಲಿಯೇ ನಿಲ್ಲಲಾರದು. ಇದು ಕೊಪ್ಪಳ ಕಲಿಸುವ ಮುಖ್ಯ ಪಾಠ. ಕಸ ತೆಗೆಯುವವನು ಒಂದು ದಿನ ಕಸ ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕಾಗುತ್ತದೆ.

ಅರಸುಗಳ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯ ನಮಗೆ ಗೊತ್ತಿದೆ. ಅಹಾಬನು ನಾಬೋತನ ತೋಟಕ್ಕೆ ಬದಲಾಗಿ ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುವುದಾಗಿ ಹೇಳಿದನು. ವ್ಯಾಪಾರದ ದೃಷ್ಟಿಯಿಂದ ಅದು ನ್ಯಾಯವಾದ ಬೆಲೆಯೇ. ನಾಬೋತನ ನಿರಾಕರಣೆ ಬೆಲೆಯ ಬಗ್ಗೆ ಇರಲಿಲ್ಲ; ಪಿತೃಗಳ ಸ್ವಾಸ್ತ್ಯವನ್ನು ಬೆಲೆಗೆ ಇಳಿಸಲಾಗದು ಎಂಬುದು ಅವನ ಉತ್ತರ. ಪರಿಹಾರದ ಮೊತ್ತವನ್ನಷ್ಟೇ ಚರ್ಚಿಸುವ ನಮ್ಮ ಕಾಲಕ್ಕೆ ಈ ಮಾತು ಅರ್ಥವಾಗುವುದು ಕಷ್ಟ. ಇನ್ನೊಂದು ವಿವರವನ್ನು ನಮ್ಮ ಪ್ರಸಂಗಗಳು ಬಿಟ್ಟುಬಿಡುತ್ತವೆ: ನಾಬೋತನನ್ನು ಕೊಲ್ಲುವ ಮುಂಚೆ ಈಜೆಬೆಲಳು ಉಪವಾಸವನ್ನು ಸಾರಿಸಿದಳು. ಭೂಮಿಯ ಕಬಳಿಕೆಗೆ ಧರ್ಮಾಚರಣೆಯೇ ಹೊದಿಕೆಯಾಯಿತು. ದೇವಸ್ಥಾನ, ಮಠ, ಚರ್ಚು ಯಾವುದೇ ಇರಲಿ, ಕಾರ್ಖಾನೆಯ ದಾನವನ್ನು ಸ್ವೀಕರಿಸಿ ಅದರ ಹೊಗೆಯ ಬಗ್ಗೆ ಮೌನವಾಗುವ ಧಾರ್ಮಿಕ ಸಂಸ್ಥೆಯು ಈ ಉಪವಾಸದಲ್ಲಿ ಪಾಲುಗಾರ.

ಆದರೆ ಈ ಓದನ್ನು ಸುಲಭ ಮಾಡಿಕೊಳ್ಳಬಾರದು. ಉದ್ಯೋಗ ಬೇಕು ಎನ್ನುವವರೂ ಇದೇ ಸೀಮೆಯ ಮಕ್ಕಳು. ಗುಳೆ ಹೋಗಿ ಪ್ಲಾಸ್ಟಿಕ್ ಹೊದಿಕೆಯ ಗುಡಿಸಲಿನಲ್ಲಿ ಮಗುವನ್ನು ಮಲಗಿಸಿದ ತಾಯಿಗೆ, ಊರಿನ ಹತ್ತಿರದ ಕಾರ್ಖಾನೆಯ ಸಂಬಳ ಕನಸಾಗಿ ಕಂಡರೆ ಅದನ್ನು ಲೋಭವೆಂದು ಕರೆಯಲು ಯಾವ ದೇವಶಾಸ್ತ್ರಜ್ಞನಿಗೂ ಅಧಿಕಾರವಿಲ್ಲ. ನಮ್ಮದೇ ಇತಿಹಾಸ ಇದನ್ನು ನೆನಪಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಜಾತಿಯ ಆಸರೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡ ಹೊಸ ವಿಶ್ವಾಸಿಗಳಿಗೆ ಅದು ದುಡಿಮೆಯ ಗೌರವವನ್ನು ಕೊಟ್ಟಿತು. ಅದೇ ಹೆಂಚು ನದೀತೀರದ ಜೇಡಿಮಣ್ಣಿನಿಂದ ರೂಪುಗೊಂಡು ಕಾಡಿನ ಸೌದೆಯಿಂದ ಬೆಂದಿತು. ಬಡವರ ವಿಮೋಚನೆ ಮತ್ತು ಭೂಮಿಯ ಸವಕಳಿ ಒಂದೇ ಗೂಡಿನಲ್ಲಿ ಉರಿದವು. ಈ ಇತಿಹಾಸದ ವಾರಸುದಾರರಾದ ನಾವು ಕೊಪ್ಪಳದ ಕಾರ್ಮಿಕನಿಗೆ ಮೇಲಿನಿಂದ ಉಪದೇಶ ಮಾಡಲಾಗದು. ನಾವು ಕೇಳಬಹುದಾದ ಪ್ರಶ್ನೆ ಇನ್ನೊಂದಿದೆ: ಕೆಲಸಕ್ಕೂ ಉಸಿರಿಗೂ ನಡುವೆ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾದ ಸ್ಥಿತಿಗೆ ಒಂದು ಸೀಮೆಯ ಬಡವರನ್ನು ತಂದು ನಿಲ್ಲಿಸಿದವರು ಯಾರು? ಈ ಆಯ್ಕೆಯನ್ನು ಶ್ರೀಮಂತರ ಬಡಾವಣೆಗಳ ಮುಂದೆ ಏಕೆ ಇಡುವುದಿಲ್ಲ?

5. ಜಾತಿ ಎಂಬ ಪರಿಸರ

'ಊರು ಒಂದಾಗಿ ಕೆರೆ ಉಳಿಸಿತು' ಎಂಬ ವಾಕ್ಯವನ್ನು ಪರಿಸರ ಬರಹಗಳು ಪ್ರೀತಿಸುತ್ತವೆ. ಊರು ಎಂದೂ ಒಂದಾಗಿರಲಿಲ್ಲ ಎಂಬುದನ್ನು ದಲಿತ ದೇವಶಾಸ್ತ್ರವು ನಮಗೆ ಕಲಿಸಿತು. 1927ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಮಹಾಡಿನ ಚವದಾರ ಕೆರೆಯ ನೀರನ್ನು ಮುಟ್ಟಿದ್ದು ನಮ್ಮ ದೇಶದ ಮೊದಲ ಸಾಲಿನ ಪರಿಸರ ಹೋರಾಟಗಳಲ್ಲಿ ಒಂದು. ಆದರೆ ಪರಿಸರ ದೇವಶಾಸ್ತ್ರದ ಪಠ್ಯಗಳಲ್ಲಿ ಅದಕ್ಕೆ ಸ್ಥಾನ ಕೊಡುವವರು ಕಡಿಮೆ.

ಕೊಪ್ಪಳ ಜಿಲ್ಲೆಯಲ್ಲಿ ಇದು ಹಳೆಯ ಇತಿಹಾಸವಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ಕೇಳಿದ್ದರ ಹಿನ್ನೆಲೆ ಆ ಕಲಹಕ್ಕಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಹೈಕೋರ್ಟು ಬಹುತೇಕರಿಗೆ ಜಾಮೀನು ನೀಡಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಒಂದು ಪುಟ್ಟ ದಲಿತ ಮಗು ದೇವಸ್ಥಾನದೊಳಗೆ ಓಡಿತೆಂಬ ಕಾರಣಕ್ಕೆ ಮನೆಯವರಿಗೆ ದಂಡ ಹಾಕಲು ಹೊರಟದ್ದು ನಾಡಿನ ಗಮನ ಸೆಳೆಯಿತು. ಮನುಷ್ಯನ ಸ್ಪರ್ಶವನ್ನೇ ಮಾಲಿನ್ಯವೆಂದು ಎಣಿಸುವಲ್ಲಿ, ಹಳ್ಳಕ್ಕೆ ಸೇರುವ ನಿಜವಾದ ಮಾಲಿನ್ಯದ ಬಗ್ಗೆ ಮಾತಾಡುವುದು ಹೇಗೆ? 'ಶುದ್ಧ', 'ಅಶುದ್ಧ' ಎಂಬ ಪದಗಳನ್ನು ಬಳಸುವ ಮುಂಚೆ ಪರಿಸರ ದೇವಶಾಸ್ತ್ರವು ಆ ಪದಗಳನ್ನು ತೊಳೆಯಬೇಕಾಗಿದೆ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕರ್ತನು ಮಾಡಿದ್ದು ಇದನ್ನೇ: ಹೊಲೆಯ ಲೆಕ್ಕವನ್ನು ಮೈಯಿಂದ ತೆಗೆದು ಹೃದಯದ ಕೃತ್ಯಗಳಿಗೆ ಹಚ್ಚಿದನು, ಆ ಕೃತ್ಯಗಳ ಪಟ್ಟಿಯಲ್ಲಿ ಕಳ್ಳತನವೂ ಲೋಭವೂ ಸೇರಿವೆ.

ಹೋಶೇಯನ ನಾಲ್ಕನೆಯ ಅಧ್ಯಾಯವು ಇವೆರಡನ್ನೂ ಬೆಸೆಯುತ್ತದೆ. ನಾಡಿನಲ್ಲಿ ಸತ್ಯವೂ ಪ್ರೀತಿಯೂ ಇಲ್ಲ. ಸುಳ್ಳು, ಕೊಲೆ, ಕಳವುಗಳು ತುಂಬಿವೆ. ಆದುದರಿಂದ ದೇಶ ಪ್ರಲಾಪಿಸುತ್ತದೆ, ಮೃಗಪಕ್ಷಿಗಳೂ ಮೀನುಗಳೂ ನಾಶವಾಗುತ್ತವೆ ಎಂಬುದು ಪ್ರವಾದಿಯ ತರ್ಕ. ಮನುಷ್ಯರ ನಡುವಿನ ಅನ್ಯಾಯ ಕಾರಣ, ಸೃಷ್ಟಿಯ ನಾಶ ಅದರ ಪರಿಣಾಮ. ನಾವು ಬಹುಮಟ್ಟಿಗೆ ಕಾರಣವನ್ನು ಬಿಟ್ಟು ಪರಿಣಾಮಕ್ಕೆ ಮಾತ್ರ ಪ್ರಾರ್ಥನಾಕ್ರಮಗಳನ್ನು ರಚಿಸಿದ್ದೇವೆ.

6. ನಮ್ಮ ಮಾದರಿಗಳ ಮೌಲ್ಯಮಾಪನ

ಈ ಮೂರು ಭೂಮಿಗಳ ಮೇಲೆ ನಿಂತು ನಮ್ಮ ಮಾದರಿಗಳನ್ನು ನೋಡಿದರೆ ಅವುಗಳ ಬಲವೂ ಮಿತಿಯೂ ತಿಳಿಯುತ್ತವೆ. ಯೂರ್ಗೆನ್ ಮೋಲ್ಟ್‌ಮನ್ ಅವರು 1985ರ ತಮ್ಮ ಸೃಷ್ಟಿ ದೇವಶಾಸ್ತ್ರದಲ್ಲಿ ಸೃಷ್ಟಿಯ ಮುಕುಟ ಮನುಷ್ಯನಲ್ಲ, ಸಬ್ಬತ್ತು ಎಂದು ತೋರಿಸಿದ್ದು ಲಿನ್ ವೈಟ್ ಅವರಿಗೆ ದೊರೆತ ಆಳವಾದ ಉತ್ತರ. ಸ್ಯಾಲಿ ಮೆಕ್‌ಫೇಗ್ ಅವರು 1993ರಲ್ಲಿ ಲೋಕವನ್ನು ದೇವರ ದೇಹವಾಗಿ ಕಾಣಲು ಕರೆದರು. ಇದು ಭಕ್ತಿಯನ್ನು ನೆಲಕ್ಕಿಳಿಸುತ್ತದೆ. ಆದರೆ ನೆಲವನ್ನೋ ನದಿಯನ್ನೋ ಪವಿತ್ರವೆಂದು ಕರೆದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ತುಂಗಭದ್ರೆಯನ್ನು ಪವಿತ್ರವೆಂದು ಕರೆಯದವರು ಈ ಸೀಮೆಯಲ್ಲಿ ಯಾರೂ ಇಲ್ಲ, ಆದರೂ ಅವಳ ನೀರಿನ ಸ್ಥಿತಿ ಎಲ್ಲರಿಗೂ ಗೊತ್ತು. ಪೌರ್ವಾತ್ಯ ಧರ್ಮಗಳು ಸ್ವಭಾವತಃ ಪರಿಸರಸ್ನೇಹಿ, ಕ್ರೈಸ್ತಧರ್ಮ ಮಾತ್ರ ಅಪರಾಧಿ ಎಂಬ ಸರಳ ವಾದವೂ ಇಲ್ಲಿ ನಿಲ್ಲುವುದಿಲ್ಲ. ಪ್ರತಿಯಾಗಿ ನಮ್ಮ ಧರ್ಮ ನಿರಪರಾಧಿ ಎಂಬ ವಾದವೂ ನಿಲ್ಲುವುದಿಲ್ಲ.

2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಂದಾಗಿ ಕೇಳಬೇಕೆಂದದ್ದು ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುತ್ತದೆ. ಆದರೂ 'ಬಡವರು' ಎಂಬ ಪದದೊಳಗೆ ಜಾತಿಯ ಭೇದ ಮರೆಯಾಗುತ್ತದೆ; ಕೊಪ್ಪಳದಲ್ಲಿ ಆ ಪದವನ್ನು ಬಿಡಿಸಿ ಓದಬೇಕಾಗುತ್ತದೆ. ನಮ್ಮ ನಾಡಿನ ದೇವಶಾಸ್ತ್ರಜ್ಞರಲ್ಲಿ ಜಾರ್ಜ್ ಜಕರಾಯ ಅವರು ನರ್ಮದಾ ಹೋರಾಟವನ್ನು ಆಧರಿಸಿ, ತಳಮಟ್ಟದ ಚಳವಳಿಗಳೇ ಭೂನೀತಿಶಾಸ್ತ್ರದ ಮೂಲ ಎಂದು ವಾದಿಸಿದ್ದಾರೆ. ಈ ದಿಕ್ಕು ಸರಿಯಾದದ್ದು. ಅದಕ್ಕೆ ಸೇರಿಸಬೇಕಾದ ಒಂದು ಮಾತಿದೆ: ಚಳವಳಿಯೊಳಗೂ ಮೇಲ್ಭಾಗ, ಕೊನೆಯ ಭಾಗಗಳಿರುತ್ತವೆ. ಬಂದ್‌ನಲ್ಲಿ ವೇದಿಕೆ ಏರಿದವರ ದನಿಯಷ್ಟೇ ಅಂದಿನ ಕೂಲಿ ಕಳೆದುಕೊಂಡವಳ ಮೌನವನ್ನೂ ದೇವಶಾಸ್ತ್ರ ಓದಬೇಕು.

7. ಆಧ್ಯಾತ್ಮಿಕತೆಯನ್ನು ಮರಳಿ ಪಡೆಯುವುದು

ಹಾಗಾದರೆ ಆಧ್ಯಾತ್ಮಿಕತೆಗೆ ಸ್ಥಾನವಿಲ್ಲವೇ? ಇದೆ, ಆದರೆ ಅದು ಶ್ರಮದ ಆಧ್ಯಾತ್ಮಿಕತೆಯಾಗಿರಬೇಕು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಕಿರುಶಾಸನಗಳಿವೆ. ಶ್ರಮಿಸಿದರೆ ದೊಡ್ಡವನಿಗಷ್ಟೇ ಅಲ್ಲ, ಚಿಕ್ಕವನಿಗೂ ಸ್ವರ್ಗ ದಕ್ಕುತ್ತದೆ ಎಂಬ ಭಾವ ಅದರಲ್ಲಿದೆ. ಆ ಬಂಡೆಯ ಕೆಳಗೆ ಜೈನರು ತಪಸ್ಸು ಮಾಡಿದರು, ಶರಣ ಪರಂಪರೆಯ ಮಠ ಬೆಳೆಯಿತು. ಕೃಪೆಯಿಂದಲೇ ರಕ್ಷಣೆ ಎಂದು ನಂಬುವ ನಾವು ಅಶೋಕನ ಸ್ವರ್ಗದ ಲೆಕ್ಕವನ್ನು ಒಪ್ಪಬೇಕಾಗಿಲ್ಲ. ಆದರೆ ಕೃಪೆಯು ಸೋಮಾರಿತನಕ್ಕೆ ಪರವಾನಗಿಯಲ್ಲವೆಂದು ಆ ಬಂಡೆಯಿಂದ ಕೇಳಿಸಿಕೊಂಡರೆ ನಷ್ಟವೇನಿಲ್ಲ.

ನಮ್ಮ ಪರಂಪರೆಯಲ್ಲಿ ಈ ಶ್ರಮಕ್ಕೆ ಒಂದು ವಿಚಿತ್ರವಾದ ಹೆಸರಿದೆ: ವಿಶ್ರಾಂತಿ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಭೂಮಿಗೂ ಸಬ್ಬತ್ತು. ಆ ವರ್ಷ ತಾನಾಗಿ ಬೆಳೆದದ್ದು ದಾಸನಿಗೂ ದಾಸಿಗೂ ಕೂಲಿಯವನಿಗೂ ಪರದೇಶಿಗೂ ದನಕರುಗಳಿಗೂ ಕಾಡುಮೃಗಗಳಿಗೂ ಸೇರಿದ್ದು. ಭೂಮಿಯ ವಿಶ್ರಾಂತಿಯೂ ಬಡವನ ಊಟವೂ ಕಾಡುಪ್ರಾಣಿಯ ಪಾಲೂ ಒಂದೇ ಆಜ್ಞೆಯಲ್ಲಿ ಕೂಡಿವೆ. ಭೂಮಿ ದೇವರದು, ನಾವು ಅದರಲ್ಲಿ ಇಳಿದುಕೊಂಡಿರುವ ಪ್ರವಾಸಿಗಳು ಎಂದು ಅದೇ ಅಧ್ಯಾಯ ಸಾರುತ್ತದೆ. ವರ್ಷಕ್ಕೆ ಎರಡು ಬಾರಿ ಭತ್ತ ತೆಗೆಯುವ ಗದ್ದೆಗೆ, ಹಗಲಿರುಳು ಉರಿಯುವ ಕುಲುಮೆಗೆ, ಬತ್ತುವವರೆಗೂ ಎಳೆಯುವ ಬೋರ್‌ವೆಲ್ಲಿಗೆ ಸಬ್ಬತ್ತು ಒಂದು ತೀರ್ಪು. ನಿಲ್ಲಿಸಲು ಕಲಿಯುವುದು, ಸಾಕು ಎನ್ನಲು ಕಲಿಯುವುದು, ತನ್ನ ಪಾಲಿನಾಚೆಗೆ ನೀರು ಹರಿಯಲು ಬಿಡುವುದು, ಇವು ಪ್ರಾರ್ಥನೆಯಷ್ಟೇ ಕಠಿಣವಾದ ಸಾಧನೆಗಳು.

ಉಪಸಂಹಾರ

ಈ ಸೀಮೆಯಲ್ಲಿ ನಮ್ಮ ಸಭೆಗಳು ಚಿಕ್ಕವು. ಗವಿಮಠವು ಸೇರಿಸುವಂತೆ ನಾವು ಜನರನ್ನು ಸೇರಿಸಲಾರೆವು, ಸೇರಿಸಬೇಕಾಗಿಯೂ ಇಲ್ಲ. ಚಿಕ್ಕದಾಗಿರುವ ಸಭೆಗೆ ಒಂದು ವಿಶೇಷವಾದ ಕರೆ ಇದೆ: ದೊಡ್ಡ ಧರ್ಮವು ಜನರನ್ನು ಕೂಡಿಸಿದಾಗ ಅದರೊಂದಿಗೆ ಗುದ್ದಲಿ ಹಿಡಿಯುವುದು, ಮತ್ತು ಕೂಡಿದ ಜನರಲ್ಲಿ ಯಾರು ಬಂದಿಲ್ಲ ಎಂದು ಕೇಳುವುದು. ಮೊದಲನೆಯದು ಸಹಭಾಗಿತ್ವ, ಎರಡನೆಯದು ಪ್ರವಾದನೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡುವುದು ಸುಲಭ. ಎರಡನ್ನೂ ಕೂಡಿ ಮಾಡುವುದಕ್ಕೆ ಸೆಮಿನರಿಯ ತರಬೇತಿ ಬೇಕು.

ಆದ್ದರಿಂದ ಪರಿಸರ ದೇವಶಾಸ್ತ್ರದ ಪಾಠವು ಗ್ರಂಥಾಲಯದೊಂದಿಗೆ ಕಾಲುವೆಯ ತೂಬಿನಲ್ಲೂ ನಡೆಯಬೇಕು. ಸಭಾಪಾಲಕನಾಗಿ ಹೊರಡುವ ವಿದ್ಯಾರ್ಥಿ ತನ್ನ ಊರಿನ ನೀರು ಎಲ್ಲಿಂದ ಬರುತ್ತದೆ, ಯಾರ ಮನೆಯಲ್ಲಿ ನಿಲ್ಲುತ್ತದೆ, ಕೊಳಕಾಗಿ ಯಾರ ಓಣಿಗೆ ಇಳಿಯುತ್ತದೆ ಎಂಬುದನ್ನು ತಿಳಿದಿರಬೇಕು. ಸುಗ್ಗಿಯ ಹಬ್ಬದ ಪ್ರಸಂಗದಲ್ಲಿ ವೇದಿಯ ಮುಂದೆ ಇಟ್ಟ ಭತ್ತದ ತೆನೆಯೊಂದಿಗೆ, ಆ ತೆನೆ ಕುಡಿದ ನೀರು ತಲುಪದ ಹೊಲವನ್ನೂ ಹೆಸರಿಡಿದು ನೆನೆಯಬೇಕು. ಯೋಬನು ತನ್ನ ಕೊನೆಯ ವಾದದಲ್ಲಿ ತನ್ನ ಭೂಮಿ ತನ್ನ ವಿರುದ್ಧ ಕೂಗಿಕೊಂಡಿದ್ದರೆ, ಅದರ ನೇಗಿಲ ಸಾಲುಗಳು ಅತ್ತಿದ್ದರೆ, ಬೆಲೆ ಕೊಡದೆ ಅದರ ಫಲವನ್ನು ತಿಂದಿದ್ದರೆ, ತನಗೆ ಶಾಪ ತಗಲಲಿ ಎನ್ನುತ್ತಾನೆ. ಹೊಲವನ್ನು ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಕರೆದ ಧೈರ್ಯ ಅದು. ನಮ್ಮ ಸಭೆಗಳೂ ಸೆಮಿನರಿಗಳೂ ಪರಿಸರದ ಕುರಿತು ಮಾತಾಡುವ ಮುಂಚೆ, ನಮ್ಮ ಸ್ವತ್ತಿನ ಭೂಮಿ ನಮ್ಮ ಬಗ್ಗೆ ಏನು ಸಾಕ್ಷಿ ಹೇಳೀತು ಎಂದು ಕೇಳಿಕೊಳ್ಳುವುದು ಒಳಿತು.